ಎಲೆಯ ಮೇಲಿನ ಗೆರೆ, ಎಲೆಯ ಒಳಗಿನ ದೃಷ್ಟಾಂತ

ಕಳೆದ ರಮಝಾನ್ ತಿಂಗಳಲ್ಲಿ ಚಿಂಚಲಿಯ ನಮ್ಮ ಮೊಹಲ್ಲಾದ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂದಿತ್ತು. ಟೊಮೆಟೊ ಗಿಡದ ಒಂದು ಎಲೆ. ಅದರ ಹಸಿರಿನ ಮೇಲೆ ಸುತ್ತಿ ಬಳಸಿ ಹರಿದಾಡಿದ ಬಿಳಿಯ ಗೆರೆ. ಆ ಗೆರೆಯು ಅಲ್ಲಾಹನ ಪವಿತ್ರ ನಾಮದ ಆಕಾರದಲ್ಲಿದೆಯೆಂದು ಚಿತ್ರದ ಕೆಳಗೆ ಬರೆಯಲಾಗಿತ್ತು. ಇದನ್ನು ಹತ್ತು ಮಂದಿಗೆ ತಲುಪಿಸಿದವರಿಗೆ ಶುಭವಾರ್ತೆ ಬರುವುದೆಂಬ ಭರವಸೆಯೂ, ತಲುಪಿಸದವರಿಗೆ ಒಂದು ಸಣ್ಣ ಬೆದರಿಕೆಯೂ ಇತ್ತು. ಗುಂಪಿನಲ್ಲಿ ‘ಸುಬ್‌ಹಾನಲ್ಲಾಹ್’ ಎಂಬ ಉತ್ತರಗಳು ಒಂದರ ಹಿಂದೆ ಒಂದು ಬಂದವು. ಅವುಗಳಲ್ಲಿ ನನ್ನದೂ ಒಂದು. ಇಫ್ತಾರಿನ ಅವಸರದಲ್ಲಿ ಎರಡನೆಯ ಬಾರಿ ನೋಡದೆ ಅದನ್ನು ತಂಗಿಯ ಮನೆಗೂ ಕಳುಹಿಸಿಬಿಟ್ಟೆ.

ಮರುದಿನ ಮಧ್ಯಾಹ್ನ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅಣ್ಣನ ಮಗ ಹಿತ್ತಿಲಿನಿಂದ ಅಂಥದ್ದೇ ಮೂರು ಎಲೆಗಳನ್ನು ಕಿತ್ತುಕೊಂಡು ಬಂದ. ಒಂದರ ಮೇಲಿನ ಗೆರೆ ಎಂಟರ ಅಂಕಿಯಂತಿತ್ತು. ಇನ್ನೊಂದರದು ಕೃಷ್ಣಾ ನದಿಯ ನಕಾಶೆಯಂತಿತ್ತು. ಮೂರನೆಯದು ಯಾವುದನ್ನೂ ಹೋಲುತ್ತಿರಲಿಲ್ಲ. ಎಲೆಯನ್ನು ಬಿಸಿಲಿಗೆ ಹಿಡಿದು, ಗೆರೆಯ ತುದಿಯಲ್ಲಿ ಮಿಸುಕಾಡುತ್ತಿದ್ದ ಹಳದಿ ಹುಳುವನ್ನು ತೋರಿಸಿದ. “ಚಾಚಾ, ಇದನ್ನ ಯಾರೂ ಬರದಿಲ್ಲ, ಹುಳ ಕೊರದೈತಿ. ನೀವು ಅದನ್ನ ಎಲ್ಲಾರಿಗೂ ಯಾಕ ಕಳಿಸಿದ್ರಿ?” ಎಂದ. ಅನಂತರ ದನಿ ತಗ್ಗಿಸಿ, “ಉಳಿದದ್ದೂ ಹಿಂಗ ಇರತೈತೇನು?” ಎಂದು ಕೇಳಿದ.

ಮೊದಲ ಪ್ರಶ್ನೆಗೆ ಉತ್ತರ ಸುಲಭ: ತಪ್ಪಾಯಿತು ಎಂದು ಒಪ್ಪಿಕೊಳ್ಳುವುದು. ಎರಡನೆಯ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನಮ್ಮ ಮಕ್ಕಳ ವಿಶ್ವಾಸಕ್ಕೆ ಧಕ್ಕೆಯಾಗುವುದು ವಿಜ್ಞಾನದ ಪಾಠದಿಂದಲ್ಲ; ವಿಶ್ವಾಸದ ಹೆಸರಿನಲ್ಲಿ ಹಿರಿಯರು ಹಂಚುವ ಸಡಿಲ ಮಾತುಗಳಿಂದ. ಇಂದು ಒಂದು ಸುಳ್ಳು ಪವಾಡ ಬಯಲಾದರೆ, ನಾಳೆ ಅದೇ ಬಾಯಿಂದ ಬಂದ ಸತ್ಯದ ಮೇಲೂ ಆ ಮಗುವಿಗೆ ಅನುಮಾನ ಹುಟ್ಟುವುದು ಸಹಜ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಪ್ರವಾದಿವರ್ಯರ(ಸ) ಜೀವನದಲ್ಲಿ ಇದಕ್ಕೊಂದು ಸ್ಪಷ್ಟ ಮಾದರಿಯಿದೆ. ಹಿಜರಿ 10ರಲ್ಲಿ ಅವರ ಎಳೆಯ ಮಗ ಇಬ್ರಾಹೀಮ್ ಮರಣ ಹೊಂದಿದ ದಿನವೇ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗನ ಮರಣಕ್ಕೆ ಸೂರ್ಯನೂ ಮರುಗಿದನೆಂದು ಮದೀನಾದ ಜನರು ಆಡಿಕೊಂಡರು. ಅನುಯಾಯಿಗಳ ಭಕ್ತಿಯನ್ನು ಹೆಚ್ಚಿಸಿಕೊಳ್ಳಲು ಬಯಸುವ ನಾಯಕನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ, ಸುಮ್ಮನಿದ್ದರೂ ಸಾಕಾಗಿತ್ತು. ಆದರೆ ಅವರು(ಸ) ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳಲ್ಲಿ ಎರಡಾಗಿದ್ದು, ಯಾರ ಮರಣಕ್ಕಾಗಲಿ ಜನನಕ್ಕಾಗಲಿ ಅವುಗಳಿಗೆ ಗ್ರಹಣ ಬಡಿಯುವುದಿಲ್ಲವೆಂದು ಜನರನ್ನು ತಿದ್ದಿದರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ವರದಿಯಿದೆ. ಅವರ ಮಾತಿನ ಎರಡು ಭಾಗಗಳನ್ನೂ ಗಮನಿಸಬೇಕು. ಸೂರ್ಯನು ದೃಷ್ಟಾಂತವೆಂಬುದನ್ನು ಅವರು ಬಿಟ್ಟುಕೊಡಲಿಲ್ಲ; ಜನರು ಕಟ್ಟಿದ ಕಥೆಯನ್ನು ಮಾತ್ರ ತೆಗೆದುಹಾಕಿದರು. ಮಗನನ್ನು ಮಣ್ಣಿಗಿಟ್ಟ ದುಃಖದಲ್ಲಿಯೂ ಅವರು ಆ ಎಚ್ಚರವನ್ನು ಬಿಡಲಿಲ್ಲ. ನಾನು ಬಿಟ್ಟದ್ದಾದರೋ ಇಫ್ತಾರಿನ ಅವಸರಕ್ಕೆ.

ಹಾಗಾದರೆ ಆ ಟೊಮೆಟೊ ಎಲೆಯಲ್ಲಿ ದೃಷ್ಟಾಂತವೇ ಇರಲಿಲ್ಲವೇ? ಇತ್ತು. ನಾವು ಅದನ್ನು ತಪ್ಪು ಜಾಗದಲ್ಲಿ ಹುಡುಕಿದೆವು.

ಆ ಹುಳುವಿಗೆ ನಮ್ಮ ರೈತರು ರಂಗೋಲಿ ಹುಳುವೆಂದು ಹೆಸರಿಟ್ಟಿದ್ದಾರೆ. ಸಾಸಿವೆಗಿಂತ ದೊಡ್ಡದಲ್ಲದ ಒಂದು ನೊಣ ಎಲೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಎಲೆಯ ಮೇಲೆ ನಡೆದಾಡುವುದಿಲ್ಲ, ಎಲೆಯ ಒಳಗೇ ನಡೆಯುತ್ತದೆ. ಕಾಗದದಷ್ಟು ತೆಳುವಾದ ಎಲೆಯೊಳಗೆ ನಡೆಯಲು ಜಾಗವೆಲ್ಲಿದೆ? ಇಲ್ಲಿಂದಲೇ ಎಲೆಯ ಅಂಗರಚನೆಯ ಪಾಠ ಆರಂಭವಾಗುತ್ತದೆ. ಎಲೆಗೆ ಮೇಲೊಂದು, ಕೆಳಗೊಂದು ಪಾರದರ್ಶಕ ಹೊರಪೊರೆಯಿದೆ. ಗಾಜಿನ ಕಿಟಕಿಯಂತೆ ಅದು ಬೆಳಕನ್ನು ಒಳಗೆ ಬಿಡುತ್ತದೆ. ಅದರ ಮೇಲಿನ ಮೇಣದ ಲೇಪ ನೀರನ್ನು ಹೊರಗೆ ಹೋಗಗೊಡುವುದಿಲ್ಲ. ಈ ಎರಡು ಪೊರೆಗಳ ನಡುವೆ ಇರುವುದೇ ಪತ್ರಮಧ್ಯ, ಅಂದರೆ ಎಲೆಯ ತಿರುಳು. ಟೊಮೆಟೊ, ಬೇವು, ಮಾವಿನಂಥ ಎಲೆಗಳಲ್ಲಿ ತಿರುಳಿನ ಮೇಲ್ಭಾಗದ ಜೀವಕೋಶಗಳು ನಮಾಝಿನ ಸಫ್‌ನಂತೆ ಒತ್ತೊತ್ತಾಗಿ ನೆಟ್ಟಗೆ ನಿಂತಿವೆ. ಬೆಳಕನ್ನು ಹಿಡಿಯುವ ಪತ್ರಹರಿತ್ತಿನ ಕಣಗಳು ಹೆಚ್ಚಾಗಿ ಇರುವುದು ಅವುಗಳಲ್ಲಿ. ಕೆಳಭಾಗದ ಕೋಶಗಳು ಸಡಿಲವಾಗಿದ್ದು, ನಡುವೆ ಗಾಳಿಯಾಡಲು ಖಾಲಿ ಜಾಗವಿದೆ. ರಂಗೋಲಿ ಹುಳು ಹಸಿರು ತಿರುಳನ್ನು ತಿನ್ನುತ್ತಾ ಮುಂದೆ ಸಾಗುತ್ತದೆ, ಹೊರಪೊರೆಯನ್ನು ಹಾಗೆಯೇ ಬಿಡುತ್ತದೆ. ಹಸಿರು ಖಾಲಿಯಾದ ಸುರಂಗವೇ ನಮಗೆ ಬಿಳಿಯ ಗೆರೆಯಾಗಿ ಕಾಣುತ್ತದೆ. ಹುಳು ಬೆಳೆದಂತೆ ಗೆರೆಯೂ ಅಗಲವಾಗುತ್ತದೆ. ನಡುವೆ ಕಾಣುವ ಕಪ್ಪು ಚುಕ್ಕೆಗಳು ಅದರ ಹಿಕ್ಕೆ. ಪವಿತ್ರ ನಾಮವೆಂದು ನಾವು ಹಂಚಿದ್ದು ಯಾವುದನ್ನೆಂದು ಯೋಚಿಸಿದರೆ ನಾಚಿಕೆಯಾಗುತ್ತದೆ.

ಟೊಮೆಟೊವನ್ನು ಬಿಡೋಣ; ಅದು ಹಿತ್ತಿಲಿನ ಗಿಡ. ರಾಯಬಾಗ ತಾಲೂಕಿನಲ್ಲಿ ಹುಟ್ಟಿದವನ ಕಣ್ಣಿಗೆ ದಿನವೂ ಬೀಳುವ ಎಲೆ ಕಬ್ಬಿನದು. ಚಿಂಚಲಿ ನಿಲ್ದಾಣದಲ್ಲಿ ರೈಲು ಹತ್ತಿ ಕುಡಚಿಯ ಕಡೆಗೆ ಹೊರಟರೆ ಕೃಷ್ಣೆಯ ಸೇತುವೆ ದಾಟಿ ಉಗಾರದ ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣುವವರೆಗೂ ಕಿಟಕಿಯ ಹೊರಗೆ ಇರುವುದು ಹೆಚ್ಚಾಗಿ ಅದೇ. ನಮ್ಮಲ್ಲಿ ಎಷ್ಟೋ ಮನೆಗಳ ಮದುವೆ, ಹಜ್ಜು, ಮಕ್ಕಳ ಶುಲ್ಕ ಎಲ್ಲವೂ ಕಬ್ಬಿನ ಬಿಲ್ಲಿನ ಮೇಲೆಯೇ ನಿಂತಿವೆ. ಕಾರ್ಖಾನೆಯಲ್ಲಿ ಸಕ್ಕರೆ ತಯಾರಾಗುತ್ತದೆಂದು ನಾವು ಹೇಳುತ್ತೇವೆ. ವಾಸ್ತವದಲ್ಲಿ ಕಾರ್ಖಾನೆಯು ಒಂದು ಹರಳಿನಷ್ಟು ಸಕ್ಕರೆಯನ್ನೂ ಹೊಸದಾಗಿ ಮಾಡುವುದಿಲ್ಲ. ಇದ್ದುದನ್ನು ಹಿಂಡಿ, ಕಾಯಿಸಿ, ಬೇರ್ಪಡಿಸುತ್ತದೆ. ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಬೇರಿನಿಂದ ಬಂದ ನೀರು, ಗಾಳಿಯಿಂದ ಬಂದ ಇಂಗಾಲದ ಡೈಆಕ್ಸೈಡ್, ಮೇಲಿನಿಂದ ಬಿದ್ದ ಬೆಳಕು: ಇವಿಷ್ಟೇ ಕಚ್ಚಾವಸ್ತು. ಹೊಗೆಯಿಲ್ಲ, ಸದ್ದಿಲ್ಲ. ತಯಾರಾದ ಸಕ್ಕರೆ ಎಲೆಯ ನರಗಳಲ್ಲಿರುವ ಸೂಕ್ಷ್ಮ ಕೊಳವೆಗಳ ಮೂಲಕ ಇಳಿದು ಗಣಿಕೆಯಲ್ಲಿ ಶೇಖರವಾಗುತ್ತದೆ.

ಈ ಎಲೆಯನ್ನು ಅಡ್ಡಲಾಗಿ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟೊಮೆಟೊ ಎಲೆಯಲ್ಲಿ ಇದ್ದಂಥ ಸಾಲು ಇಲ್ಲಿ ಕಾಣುವುದಿಲ್ಲ. ಇಲ್ಲಿನ ವ್ಯವಸ್ಥೆಯೇ ಬೇರೆ. ಪ್ರತಿಯೊಂದು ನರದ ಸುತ್ತಲೂ ದೊಡ್ಡ ದೊಡ್ಡ ಕಡುಹಸಿರು ಕೋಶಗಳ ಒಂದು ಬಳೆಯಿದೆ. ಆ ಬಳೆಯ ಸುತ್ತ ಇನ್ನೊಂದು ಬಗೆಯ ಹಸಿರು ಕೋಶಗಳ ಮತ್ತೊಂದು ಬಳೆ. ಎರಡು ನರಗಳ ನಡುವೆ ಬೆರಳೆಣಿಕೆಯ ಕೋಶಗಳು ಮಾತ್ರ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹೇಬರ್‌ಲಾಂಟ್ ಎಂಬ ಸಸ್ಯಶಾಸ್ತ್ರಜ್ಞರು ಈ ರಚನೆಯನ್ನು ವಿವರಿಸುತ್ತಾ ಅದಕ್ಕೆ ಮಾಲೆ ಎಂಬ ಅರ್ಥದ ಜರ್ಮನ್ ಪದವನ್ನು ಬಳಸಿದರು. ಇಂದಿಗೂ ಜಗತ್ತಿನ ಎಲ್ಲ ಪುಸ್ತಕಗಳಲ್ಲಿ ಅದೇ ಹೆಸರಿದೆ, ಕ್ರಾನ್ಜ್ ರಚನೆಯೆಂದು. ಎರಡು ಬಳೆಗಳ ನಡುವೆ ಏನೋ ಕೆಲಸದ ಹಂಚಿಕೆ ಇರಬಹುದೆಂದು ಅವರು ಊಹಿಸಿದ್ದರು. ಆ ಹಂಚಿಕೆ ಏನೆಂದು ತಿಳಿಯಲು ಸುಮಾರು ಎಂಬತ್ತು ವರ್ಷಗಳು ಬೇಕಾದವು. ತಿಳಿದದ್ದು ಕಬ್ಬಿನ ಎಲೆಯಿಂದಲೇ ಎಂಬುದು ನಮ್ಮ ಭಾಗದವರಿಗೆ ವಿಶೇಷ ಸಂತೋಷದ ಸಂಗತಿ. ಹವಾಯಿ ದ್ವೀಪದಲ್ಲಿ ಕೋರ್ಟ್‌ಶಾಕ್ ಮತ್ತು ಸಂಗಡಿಗರು ವಿಕಿರಣಶೀಲ ಇಂಗಾಲವನ್ನು ಕಬ್ಬಿನ ಎಲೆಗೆ ಉಣಿಸಿ, ಅದು ಮೊದಲ ಕೆಲವು ಕ್ಷಣಗಳಲ್ಲಿ ಯಾವ ವಸ್ತುವಿನಲ್ಲಿ ಸೇರುತ್ತದೆಂದು ನೋಡಿ 1965ರಲ್ಲಿ ಪ್ರಕಟಿಸಿದರು. ಮರುವರ್ಷ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ಇಬ್ಬರು ಅದರ ಇಡೀ ದಾರಿಯನ್ನು ವಿವರಿಸಲಾರಂಭಿಸಿದರು.

ವಿಷಯ ಹೀಗಿದೆ. ಗಾಳಿಯಿಂದ ಇಂಗಾಲವನ್ನು ಹಿಡಿದು ಸಕ್ಕರೆಯ ಕಡೆಗೆ ಒಯ್ಯುವ ಮುಖ್ಯ ಕಿಣ್ವಕ್ಕೆ ರುಬಿಸ್ಕೊ ಎಂದು ಹೆಸರು. ಅದಕ್ಕೊಂದು ದೌರ್ಬಲ್ಯವಿದೆ. ಬಿಸಿಲು ಹೆಚ್ಚಿದಾಗ ಅದು ಇಂಗಾಲದ ಡೈಆಕ್ಸೈಡಿನ ಬದಲು ಆಮ್ಲಜನಕವನ್ನು ಹಿಡಿದು ಮೋಸ ಹೋಗುತ್ತದೆ. ಗಿಡದ ದುಡಿಮೆಯ ಗಣನೀಯ ಭಾಗ ವ್ಯರ್ಥವಾಗುತ್ತದೆ. ಗೋಧಿ, ಕಡಲೆ, ನಿಪ್ಪಾಣಿಯ ತಂಬಾಕು ಎಲ್ಲವೂ ಈ ನಷ್ಟವನ್ನು ಅನುಭವಿಸುತ್ತವೆ. ಕಬ್ಬಿನ ಎಲೆಯಲ್ಲಿ ಮಾತ್ರ ಹೊರಬಳೆಯ ಕೋಶಗಳು ಇನ್ನೊಂದು ಕಿಣ್ವದ ಮೂಲಕ ಇಂಗಾಲವನ್ನು ಹಿಡಿಯುತ್ತವೆ. ಆ ಕಿಣ್ವ ಆಮ್ಲಜನಕಕ್ಕೆ ಮರುಳಾಗುವುದಿಲ್ಲ. ಹಿಡಿದ ಇಂಗಾಲವನ್ನು ಆಮ್ಲದ ರೂಪದಲ್ಲಿ ಒಳಬಳೆಗೆ ದಾಟಿಸಲಾಗುತ್ತದೆ. ಅಲ್ಲಿ, ದಪ್ಪ ಗೋಡೆಯ ಕೋಶಗಳೊಳಗೆ, ಅದನ್ನು ಬಿಡುಗಡೆ ಮಾಡಿ ರುಬಿಸ್ಕೊವಿನ ಮುಂದೆ ರಾಶಿ ಹಾಕಲಾಗುತ್ತದೆ. ಮೋಸ ಹೋಗುವವನನ್ನು ಕೆಲಸದಿಂದ ತೆಗೆದಿಲ್ಲ. ಅವನು ಮೋಸ ಹೋಗಲಾರದಂಥ ಕೋಣೆಯಲ್ಲಿ ಕೂರಿಸಲಾಗಿದೆ! ಜೋಳ, ಸಜ್ಜೆ, ಗೋವಿನಜೋಳಗಳಲ್ಲಿಯೂ ಇದೇ ವ್ಯವಸ್ಥೆಯಿದೆ. ನಮ್ಮ ತಟ್ಟೆಯ ರೊಟ್ಟಿಯೂ ಲೋಟದ ಚಹಾದ ಸಿಹಿಯೂ ಒಂದೇ ಬಗೆಯ ಎಲೆಯಿಂದ ಬಂದವು.

ಇಂಗಾಲವನ್ನು ಇಷ್ಟು ಚೆನ್ನಾಗಿ ಹಿಡಿಯಬಲ್ಲ ಎಲೆಗೆ ತನ್ನ ಪತ್ರರಂಧ್ರಗಳನ್ನು ಬಹಳ ಹೊತ್ತು ಅಗಲವಾಗಿ ತೆರೆದಿಡುವ ಅಗತ್ಯವಿಲ್ಲ. ಆದುದರಿಂದ ಒಂದು ಹನಿ ನೀರಿಗೆ ಅದು ಮಾಡುವ ಕೆಲಸ ಗೋಧಿಯ ಎಲೆಗಿಂತ ಹೆಚ್ಚು. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ, ನೀರು ಬಿಡುವ ಸರದಿ ತಪ್ಪಿದ ಕಬ್ಬಿನ ಹೊಲಕ್ಕೆ ಹೋಗಿ ನೋಡಿರಿ. ಎಲೆಗಳೆಲ್ಲ ಮೇಲ್ಮುಖವಾಗಿ ಸುರುಳಿ ಸುತ್ತಿಕೊಂಡು ಕೊಳವೆಗಳಂತೆ ನಿಂತಿರುತ್ತವೆ. ಎಲೆಯ ಮೇಲ್ಪೊರೆಯಲ್ಲಿ ನರಗಳ ನಡುವೆ ಬಲೂನಿನಂತೆ ಉಬ್ಬಿದ ಕೆಲವು ಕೋಶಗಳಿವೆ. ಅವುಗಳಲ್ಲಿ ನೀರು ತುಂಬಿರುವಾಗ ಎಲೆ ಹರಡಿಕೊಂಡಿರುತ್ತದೆ. ನೀರು ಇಳಿದಾಗ ಅವು ಕುಗ್ಗಿ, ಎಲೆ ತಾನಾಗಿ ಮಡಚಿಕೊಳ್ಳುತ್ತದೆ. ಇನ್ನು ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಕೈಗಳನ್ನು ನೋಡಿದವರಿಗೆ ಆ ಎಲೆಯ ಅಂಚು ಗರಗಸವೆಂದು ಗೊತ್ತು. ಮಣ್ಣಿನ ಸಿಲಿಕಾವನ್ನು, ಅಂದರೆ ಮರಳಿನ ಸಾರವನ್ನು, ಹೀರಿಕೊಂಡು ತನ್ನ ಹೊರಪೊರೆಯ ಕೋಶಗಳಲ್ಲಿ ಅದು ಕೂಡಿಸಿಟ್ಟುಕೊಂಡಿರುತ್ತದೆ.

ಈಗ ಹೇಳಿರಿ: ಹುಳು ಕೊರೆದ ಗೆರೆಯನ್ನು ಅಕ್ಷರವೆಂದು ಓದುವುದು ದೊಡ್ಡದೋ, ಇದನ್ನು ಓದುವುದು ದೊಡ್ಡದೋ?

ಇನ್ನೊಂದು ಬಗೆಯ ಸಡಿಲತೆಯ ಬಗ್ಗೆಯೂ ಹೇಳಬೇಕು. ಇದು ಚಿತ್ರ ಹಂಚುವವರದ್ದಲ್ಲ, ಓದಿಕೊಂಡವರದ್ದು. ಅಲ್ ಅನ್‌ಆಮ್ ಅಧ್ಯಾಯದ 99ನೆಯ ಸೂಕ್ತದಲ್ಲಿ ಅಲ್ಲಾಹನು ಮಳೆಯಿಂದ ಸಸ್ಯಗಳನ್ನು, ಅದರಿಂದ ಹಸಿರನ್ನು, ಆ ಹಸಿರಿನಿಂದ ತೆನೆಗಟ್ಟಿದ ಕಾಳುಗಳನ್ನು ಹೊರತರುವುದಾಗಿ ತಿಳಿಸಿದ್ದಾನೆ. ಇಲ್ಲಿರುವ ಹಸಿರೆಂದರೆ ಪತ್ರಹರಿತ್ತೇ, ವಿಜ್ಞಾನ ಕಂಡುಹಿಡಿದುದನ್ನು ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಹೇಳಿತ್ತು ಎಂದು ಕೆಲವರು ಭಾಷಣ ಮಾಡುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ನನಗೆ ಈ ವಾದ ಒಪ್ಪಿಗೆಯಾಗುವುದಿಲ್ಲ. ಪತ್ರಹರಿತ್ತನ್ನು ಫ್ರಾನ್ಸಿನ ಇಬ್ಬರು ರಸಾಯನಜ್ಞರು ಎಲೆಯಿಂದ ಬೇರ್ಪಡಿಸಿದ್ದು 1817ರಲ್ಲಿ. ಸೂಕ್ತದ ಅರ್ಥ ಅದೇ ಆಗಿದ್ದರೆ, ಅದಕ್ಕಿಂತ ಹಿಂದೆ ಬದುಕಿ ಹೋದ ಕೋಟ್ಯಂತರ ಸತ್ಯವಿಶ್ವಾಸಿಗಳು ಸಹಾಬಿಗಳ ಸಹಿತ ಅದನ್ನು ಅರ್ಥವೇ ಆಗದೆ ಓದಿದರೆಂದು ಹೇಳಬೇಕಾಗುತ್ತದೆ. ಒಣಗಿದ ಭೂಮಿಗೆ ಒಂದು ಮಳೆ ಬಿದ್ದೊಡನೆ ಹಸಿರು ಉಕ್ಕುವುದನ್ನು ಕಂಡ ಮರುಭೂಮಿಯ ಕುರಿಗಾಹಿಗೆ ಆ ಸೂಕ್ತ ಪೂರ್ತಿಯಾಗಿ ಅರ್ಥವಾಗಿತ್ತು. ಅಲ್ಲದೆ ವಿಜ್ಞಾನದ ವಿವರಗಳು ತಿದ್ದಿಕೊಳ್ಳುತ್ತಾ ಹೋಗುತ್ತವೆ. 1965ಕ್ಕೆ ಮೊದಲು ಕಬ್ಬಿನ ಬಗ್ಗೆ ಪುಸ್ತಕಗಳಲ್ಲಿದ್ದದ್ದು ಅಪೂರ್ಣ ಚಿತ್ರ. ತಿದ್ದುಪಡಿಗೆ ಒಳಗಾಗುವ ವಿವರಕ್ಕೆ ತಿದ್ದುಪಡಿಯಿಲ್ಲದ ಗ್ರಂಥವನ್ನು ಕಟ್ಟಿಹಾಕುವುದು ಗ್ರಂಥಕ್ಕೆ ಮಾಡುವ ಗೌರವವೇ?

ಅದೇ ಸೂಕ್ತದಲ್ಲಿ ನಾವು ಗಮನಿಸದೆ ದಾಟಿಹೋಗುವ ಒಂದು ಆಜ್ಞೆಯಿದೆ. ಗಿಡ ಫಲ ಬಿಡುವಾಗ ಆ ಫಲವನ್ನೂ ಅದು ಪಕ್ವವಾಗುವ ಬಗೆಯನ್ನೂ ನೋಡಬೇಕೆಂದು ಅಲ್ಲಾಹನು ಅಲ್ಲಿ ಹೇಳುತ್ತಾನೆ. ಸಂಶೋಧನೆಯ ಫಲಿತಾಂಶವನ್ನು ಸಿದ್ಧವಾಗಿ ಕೈಗಿಡದೆ, ಕಣ್ಣು ಹಾಯಿಸಿ ನೋಡಬೇಕಾದ ದುಡಿಮೆಯನ್ನು ನಮಗೆ ವಹಿಸಿದ್ದಾನೆ. ನಮ್ಮ ಪೂರ್ವಿಕರಲ್ಲಿ ಕೆಲವರು ಆ ದುಡಿಮೆ ಮಾಡಿದರು. ಕ್ರಿಸ್ತಶಕ 9ನೆಯ ಶತಮಾನದ ಅಬೂ ಹನೀಫಾ ಅದ್ದೀನವರಿಯವರು (ಇವರು ನಮ್ಮ ಮದ್‌ಹಬಿನ ಇಮಾಮ್ ಅಬೂ ಹನೀಫರಲ್ಲ) ಸಸ್ಯಗಳ ಬಗ್ಗೆ ಕಿತಾಬುನ್ನಬಾತ್ ಎಂಬ ದೊಡ್ಡ ಗ್ರಂಥ ಬರೆದರು. ಬೆಳಕು ಮತ್ತು ದೃಷ್ಟಿಯ ಬಗ್ಗೆ ಇಬ್ನುಲ್ ಹೈಸಮ್ ಬರೆದದ್ದನ್ನು ಯುರೋಪು ಶತಮಾನಗಳ ಕಾಲ ಓದಿತು. ಆದರೆ ಸೂಕ್ಷ್ಮದರ್ಶಕ ಹಿಡಿದು ಎಲೆಯ ಒಳಗನ್ನು ಮೊದಲು ಚಿತ್ರಿಸಿದವರು 17ನೆಯ ಶತಮಾನದ ಮಾಲ್ಪೀಘಿ ಮತ್ತು ಗ್ರ್ಯೂ. ಕನ್ನಡಿಗರಿಗೆ ಸಸ್ಯಲೋಕದ ಒಳಗನ್ನು ತೋರಿಸಿದವರು ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿ. ಇವರಾರೂ ನಮ್ಮ ಧರ್ಮದವರಲ್ಲ ಎಂಬುದು ನಮಗೆ ಅಳುಕಿನ ವಿಷಯವಾಗಬೇಕಾಗಿಲ್ಲ. ನೋಡಿದವರಿಗೆ ಕಂಡಿತು, ಅಷ್ಟೆ.

ಮುಸ್ಲಿಮ್ ಗ್ರಂಥದಲ್ಲಿ ವರದಿಯಾಗಿರುವ ಖರ್ಜೂರದ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಗಂಡು ಗಿಡದ ಹೂವನ್ನು ಹೆಣ್ಣು ಗಿಡಕ್ಕೆ ಸೇರಿಸುತ್ತಿದ್ದ ಮದೀನಾದ ರೈತರನ್ನು ಕಂಡು, ಇದರಿಂದ ಪ್ರಯೋಜನವಿದೆಯೇ ಎಂಬ ತಮ್ಮ ಅನಿಸಿಕೆಯನ್ನು ಪ್ರವಾದಿವರ್ಯರು(ಸ) ವ್ಯಕ್ತಪಡಿಸಿದರು. ರೈತರು ಅದನ್ನು ನಿಲ್ಲಿಸಿದರು. ಆ ವರ್ಷ ಫಸಲು ಕುಸಿಯಿತು. ಆಗ ಅವರು(ಸ), ನಿಮ್ಮ ಲೌಕಿಕ ಕಸುಬಿನ ವಿಷಯ ನಿಮಗೇ ಚೆನ್ನಾಗಿ ತಿಳಿದಿದೆಯೆಂದು ಅವರಿಗೆ ಹೇಳಿದರು. ದಿವ್ಯವಾಣಿಗೂ ಕಣ್ಣಿನ ಅನುಭವಕ್ಕೂ ಅವರವರ ಸ್ಥಾನವನ್ನು ಕೊಟ್ಟ ಈ ಮಾತನ್ನು ನಮ್ಮ ಮಕ್‌ತಬ್‌ಗಳಲ್ಲಿ ಎಷ್ಟು ಬಾರಿ ಕೇಳಿದ್ದೇವೆ? ನಾನಂತೂ ನಲವತ್ತು ದಾಟಿದ ಮೇಲೆ ಮೊದಲು ಓದಿದೆ.

ನನ್ನ ಕೋರಿಕೆ ದೊಡ್ಡದಲ್ಲ. ವಾರದಲ್ಲಿ ಒಂದು ದಿನ, ಅಸ್ರ್ ನಮಾಝಿನ ನಂತರ ಮಕ್‌ತಬ್‌ನ ಮಕ್ಕಳನ್ನು ಹೊಲದ ಬದುವಿನ ತನಕ ಕರೆದೊಯ್ಯಬಹುದು. ಹೆಣ್ಣುಮಕ್ಕಳನ್ನು ಬಿಟ್ಟು ಅಲ್ಲ. ಅಡುಗೆಮನೆಯಲ್ಲಿ ದಿನವೂ ಎಲೆ ಬಿಡಿಸುವವರು ಅವರೇ. ಬಣ್ಣವಿಲ್ಲದ ನೇಲ್ ಪಾಲಿಷನ್ನು ಎಲೆಯ ಕೆಳಮೈಗೆ ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ಅಂಟುಪಟ್ಟಿಯಿಂದ ಎತ್ತಿದರೆ ಪತ್ರರಂಧ್ರಗಳ ಅಚ್ಚು ಅದರ ಮೇಲೆ ಬಂದಿರುತ್ತದೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿಯೋ, ಕಾಗದದಿಂದ ಮಡಚಿ ಮಾಡುವ ಅಗ್ಗದ ಫೋಲ್ಡ್‌ಸ್ಕೋಪಿನಲ್ಲಿಯೋ ಅದನ್ನು ಇಟ್ಟು ನೋಡಿದರೆ, ಟೊಮೆಟೊವಿನ ರಂಧ್ರಕ್ಕೆ ಎರಡು ಹುರುಳಿ ಕಾಳುಗಳಂಥ ಕಾವಲು ಕೋಶಗಳು, ಕಬ್ಬಿನ ರಂಧ್ರಕ್ಕೆ ಡಂಬೆಲ್ ಆಕಾರದವು ಕಾಣುತ್ತವೆ. ಅಲ್ಲಾಹನಿಗೆ ತಿಳಿಯದೆ ಒಂದು ಎಲೆಯೂ ಉದುರುವುದಿಲ್ಲವೆಂದು ಸಾರುವ ಅಲ್ ಅನ್‌ಆಮ್‌ನ 59ನೆಯ ಸೂಕ್ತವನ್ನು ಅಲ್ಲಿ ನಿಂತು ಓದಿಸಿರಿ. ವ್ಯಾಖ್ಯಾನ ಬೇಕಾಗುವುದಿಲ್ಲ.

ಉದುರಿದ ಎಲೆಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ರವದಿಗೆ ನಾವು ಬೆಂಕಿಯಿಡುತ್ತೇವೆ. ಎಲ್ಲರೂ ಇಡುತ್ತಾರೆ, ನಮ್ಮ ಮನೆಯಲ್ಲಿಯೂ ಇಡುತ್ತಿದ್ದೆವು. ವರ್ಷವಿಡೀ ಬಿಸಿಲಿನಲ್ಲಿ ನಿಂತು ಗಾಳಿಯಿಂದ ಇಂಗಾಲವನ್ನು ಹಿಡಿದು ಕಟ್ಟಿದ್ದೆಲ್ಲ ಒಂದು ಸಂಜೆಯಲ್ಲಿ ಮತ್ತೆ ಗಾಳಿಗೆ ಹೋಗುತ್ತದೆ; ಸಾರಜನಕವೂ ಅದರೊಂದಿಗೆ ಹೋಗುತ್ತದೆ; ಮಣ್ಣಿನ ಮೇಲ್ಪದರದ ಜೀವಿಗಳು ಸಾಯುತ್ತವೆ. ಹೊಗೆ ಮಾತ್ರ ಊರಿನ ಮೇಲೆ ಉಳಿಯುತ್ತದೆ, ಅಸ್ತಮಾ ಇರುವ ನೆರೆಮನೆಯ ಅಜ್ಜಿಯ ಎದೆಯಲ್ಲಿ ಕೂಡ. ನೆರೆಯವನಿಗೆ ತೊಂದರೆ ಕೊಡಬಾರದೆಂಬ ಪಾಠ ನಮಗೆ ಹೊಸತಲ್ಲ. ಅತಿಯಾದ ನೀರಿನಿಂದ ಸವಳು ಜವಳಾಗುತ್ತಿರುವ ಈ ಭಾಗದ ಭೂಮಿಗೆ ರವದಿಯ ಹೊದಿಕೆ ಎಷ್ಟು ಅಗತ್ಯವೆಂದು ಕೃಷಿ ತಜ್ಞರು ಹೇಳುತ್ತಲೇ ಇದ್ದಾರೆ. ಹೊದಿಕೆ ಹಾಸಿದರೆ ತೇವ ನಿಲ್ಲುತ್ತದೆ, ನೀರು ಬಿಡುವುದು ಕಡಿಮೆಯಾಗುತ್ತದೆ. ಕೂಲಿ ಹೆಚ್ಚಾಗುವುದು ನಿಜ, ಕುಳೆ ಬೆಳೆಗೆ ಸಾಲು ಬಿಡಿಸುವುದು ಕಷ್ಟವೆಂಬುದೂ ನಿಜ. ಆ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಲೆಯ ಮೇಲೆ ಅಲ್ಲಾಹನ ಹೆಸರು ಕಂಡಿತೆಂದು ಪುಳಕಗೊಂಡ ಅದೇ ಕೈ, ನಿಜವಾದ ಎಲೆಗಳ ರಾಶಿಗೆ ಕಡ್ಡಿ ಗೀರುವಾಗ ಸ್ವಲ್ಪವಾದರೂ ತಡೆಯಬೇಡವೇ?

ಬನೀ ಇಸ್ರಾಈಲ್ ಅಧ್ಯಾಯದ 36ನೆಯ ಸೂಕ್ತದಲ್ಲಿ, ತಿಳಿವಳಿಕೆಯಿಲ್ಲದ ವಿಷಯದ ಬೆನ್ನು ಹತ್ತಬಾರದೆಂದೂ, ಕಿವಿ, ಕಣ್ಣು, ಹೃದಯ ಇವೆಲ್ಲವುಗಳ ಬಗ್ಗೆ ವಿಚಾರಣೆಯಿದೆಯೆಂದೂ ಎಚ್ಚರಿಸಲಾಗಿದೆ. ಆ ಪಟ್ಟಿಯಲ್ಲಿ ಕಣ್ಣಿದೆ. ನೋಡದೆಯೇ ಹಂಚಿದ್ದಕ್ಕೂ, ಎದುರಿಗಿದ್ದದ್ದನ್ನು ನೋಡದೆ ಬಿಟ್ಟದ್ದಕ್ಕೂ ನಾನು ಉತ್ತರ ಕೊಡಬೇಕಾಗಿದೆ.

ಅಣ್ಣನ ಮಗನಿಗೆ ನಾನು ತಡವಾಗಿ ಉತ್ತರಿಸಿದೆ. ಉಳಿದದ್ದು ಹಾಗಿಲ್ಲ ಎಂದು ಬಾಯಲ್ಲಿ ಹೇಳಿದರೆ ಅವನು ನಂಬಬೇಕಾಗಿಲ್ಲ. ಆದುದರಿಂದ ಈದ್ ಮುಗಿದ ಮೂರನೆಯ ದಿನ ಒಂದು ಹೊಸ ಬ್ಲೇಡನ್ನೂ ಒಂದು ಗಜ್ಜರಿಯನ್ನೂ ತೆಗೆದುಕೊಂಡು ಇಬ್ಬರೂ ಹೊಲಕ್ಕೆ ಹೋದೆವು. ಸೀಳಿದ ಗಜ್ಜರಿಯ ನಡುವೆ ಕಬ್ಬಿನ ಎಲೆಯ ತುಂಡನ್ನು ಹಿಡಿದು ತೆಳ್ಳಗೆ ಕೊಯ್ಯುವುದನ್ನು ಅವನ ವಿಜ್ಞಾನದ ಶಿಕ್ಷಕರು ಕಲಿಸಿದ್ದರಂತೆ. ಮೊದಲ ಏಳೆಂಟು ತುಂಡುಗಳು ದಪ್ಪವಾದವು, ಏನೂ ಕಾಣಲಿಲ್ಲ. ಬಿಸಿಲು ಏರಿತ್ತು, ನನ್ನ ತಾಳ್ಮೆ ಮುಗಿದಿತ್ತು. ಅವನು ಬಿಡಲಿಲ್ಲ. ಒಂಬತ್ತನೆಯದನ್ನು ಫೋಲ್ಡ್‌ಸ್ಕೋಪಿನಲ್ಲಿ ಸಿಕ್ಕಿಸಿ ಆಕಾಶದ ಕಡೆಗೆ ಹಿಡಿದು ಬಹಳ ಹೊತ್ತು ಸುಮ್ಮನೆ ನೋಡಿದ. ಅನಂತರ ನನ್ನ ಕೈಗೆ ಕೊಟ್ಟ. ಹಸಿರು ಬಳೆಗಳು ಸಾಲಾಗಿ ನಿಂತಿದ್ದವು.